ಬಿಳಿ ನಾಲ್ಕರ ಧ್ವನಿ

ಕುರುಗೋಡು
14 ಜೂನ್ 1983

ಚಿ. ಪಾರಮ್ಮನಿಗೆ, ನಿನ್ನ ಹಳೆಯ ಹೆಡ್‌ಮಾಸ್ತರ ತಿಪ್ಪೇರುದ್ರಪ್ಪನ ಆಶೀರ್ವಾದಗಳು.

ನೀನು ಈಗ ನಿಮ್ಮ ಕರೂರಿನ ಬಾಲವಾಡಿಯಲ್ಲಿ ಶಿಕ್ಷಕಿಯಾಗಿರುವೆಯೆಂದು ಸಿರುಗುಪ್ಪದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರೊಬ್ಬರು ತಿಳಿಸಿದರು. ನನ್ನ ಶಾಲೆಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಮೊದಲ ಬೆಂಚಿನವರಿಗಿಂತ ಸ್ಪಷ್ಟವಾಗಿ ಓದುತ್ತಿದ್ದವಳು ನೀನು. ಮಕ್ಕಳು ಯೋಗ್ಯರ ಕೈಗೆ ಬಿದ್ದಿದ್ದಾರೆಂದು ಸಮಾಧಾನವಾಯಿತು.

ವಿಷಯಕ್ಕೆ ಬರುತ್ತೇನೆ. ಹದಿನೈದು ವರ್ಷಗಳ ಹಿಂದೆ ನಿನ್ನ ತಾಯಿ ಸುಂಕಲಮ್ಮನು ಹಾಡಿದ ‘ಎರೆನೆಲ’ ಎಂಬ ಧ್ವನಿಮುದ್ರಿಕೆಯನ್ನು ಮದರಾಸಿನ ಕಂಪನಿಯವರು ಮರಳಿ ಹೊರತರಲಿದ್ದಾರೆ. ಅದರಲ್ಲಿ ಗಿಟಾರು ನುಡಿಸಿದ ಓಬಳೇಶನು (ಬಳ್ಳಾರಿ ಕಂಟೋನ್ಮೆಂಟಿನ ಬೇಕರಿಯವರ ಮಗ, ಅವನೂ ನನ್ನ ಶಿಷ್ಯನೇ) ಈಗ ಅದೇ ಕಂಪನಿಯಲ್ಲಿ ಧ್ವನಿ ಮುದ್ರಿಸುವ ಕೆಲಸದಲ್ಲಿದ್ದಾನೆ. ಅಂದು ಅಂಗಡಿಗಳಲ್ಲಿ ಧೂಳು ತಿಂದ ಆ ಪ್ಲೇಟನ್ನು ಇಂದು ಕಾಲೇಜಿನ ಹುಡುಗರು ಊರೂರು ಅಲೆದು ಹುಡುಕುತ್ತಿದ್ದಾರಂತೆ. ಈ ಬಗೆಯ ಸಂಗೀತಕ್ಕೆ ‘ಬ್ಲೂಸ್ ರಾಕ್’ ಎನ್ನುತ್ತಾರಂತೆ. ಅಮೆರಿಕದ ಹತ್ತಿ ಹೊಲಗಳ ಕೂಲಿಯವರು ದಣಿವಿನಲ್ಲಿ ಹಾಡಿಕೊಂಡದ್ದೇ ಅದರ ಬೇರು ಎಂದು ಓಬಳೇಶನು ಅಂದೇ ಹೇಳಿದ್ದ. ಹಾಗಿದ್ದರೆ ಅದಕ್ಕೆ ಕರೆಂಟಿನ ಗಿಟಾರು ಏಕೆ ಎಂಬ ನನ್ನ ಪ್ರಶ್ನೆಗೆ ಅವನು ಇನ್ನೂ ಉತ್ತರ ಕೊಟ್ಟಿಲ್ಲ.

ಒಂದು ತೊಡಕು ಎದುರಾಗಿದೆ. ಮೂಲ ಟೇಪನ್ನು ಹಾಕಿಕೊಂಡು ಅದರ ಜೊತೆಗೆ ಗಿಟಾರು ನುಡಿಸಲು ಹೋದರೆ ಶ್ರುತಿ ಎಲ್ಲಿಯೂ ಕೂಡುತ್ತಿಲ್ಲವೆಂದು ಓಬಳೇಶನು ಬರೆದ. ಅಂದು ನಮ್ಮ ಶಾಲೆಯ ಪ್ರಾರ್ಥನೆಯ ಹಾರ್ಮೋನಿಯಮ್ಮನ್ನು ಬಳಸಿದ್ದರು. ಒಂದೇ ಮನೆಯನ್ನು ಒತ್ತಿ ಹಿಡಿದು ಕುಳಿತಿದ್ದವನು ನಾನೇ. ನಾಲ್ಕನೆಯ ಬಿಳಿ ಮನೆ. ನಮ್ಮ ಕಡೆಯ ಹಾಡುಗಾರರು ‘ಬಿಳಿ ನಾಲ್ಕು’ ಎನ್ನುತ್ತಾರೆ. ಕಳೆದ ವಾರ ಸಿರುಗುಪ್ಪದ ನಮ್ಮ ಶಾಲೆಗೆ ಹೋಗಿ, ಮುರಿದ ಕಪ್ಪುಹಲಗೆಗಳ ಹಿಂದಿನಿಂದ ಆ ಪೆಟ್ಟಿಗೆಯನ್ನು ತೆಗೆಸಿ, ಪ್ಲೇಟನ್ನು ಪಕ್ಕದಲ್ಲಿಟ್ಟು ನುಡಿಸಿ ನೋಡಿದೆ. ಪ್ಲೇಟಿನಲ್ಲಿ ನನ್ನ ಬಿಳಿ ನಾಲ್ಕು ಮೇಲಕ್ಕೇರಿ ಬಿಳಿ ಐದರ ಹತ್ತಿರ ಕೇಳುತ್ತಿದೆ. ಹಾರ್ಮೋನಿಯಮ್ಮಿನ ಹಿತ್ತಾಳೆಯ ನಾಲಗೆ ಸುಳ್ಳು ಹೇಳುವುದಿಲ್ಲ. ಅಂದರೆ ಇಷ್ಟು ವರ್ಷ ನಾವು ಕೇಳಿದ ಹಾಡು ಇರಬೇಕಾದುದಕ್ಕಿಂತ ವೇಗವಾಗಿದೆ. ನಿನ್ನ ತಾಯಿಯ ಧ್ವನಿ ಇದ್ದುದಕ್ಕಿಂತ ತೆಳುವಾಗಿದೆ.

ಹೊಸ ಮುದ್ರಿಕೆಯಲ್ಲಿ ಇದನ್ನು ಸರಿಪಡಿಸಬಹುದು. ಅದಕ್ಕೆ ಮಗಳಾದ ನಿನ್ನ ಒಪ್ಪಿಗೆಯನ್ನು ಕಂಪನಿಯವರು ಕೇಳಿದ್ದಾರೆ. ಎರಡು ಸಾಲು ಬರೆದರೆ ಸಾಕು.

ಶುಭ ಕೋರುವ,
ತಿಪ್ಪೇರುದ್ರಪ್ಪ


ಕರೂರು
27 ಜೂನ್ 1983

ಪೂಜ್ಯ ಗುರುಗಳಿಗೆ ಪಾರಮ್ಮನ ನಮಸ್ಕಾರಗಳು.

ನಿಮ್ಮ ಪತ್ರ ಕಂಡು ಬಹಳ ಹೊತ್ತು ಒಡೆಯದೆ ಕೈಯಲ್ಲಿಟ್ಟುಕೊಂಡಿದ್ದೆ. ನಿಮ್ಮ ಅಕ್ಷರ ಒಂದಿಷ್ಟೂ ಬದಲಾಗಿಲ್ಲ.

ಅವ್ವನ ಹಾಡು ಮತ್ತೆ ಹೊರಬರುತ್ತಿರುವುದು ಸಂತೋಷ. ಆದರೆ ಅದು ಇರುವಂತೆಯೇ ಇರಲಿ. ಏನನ್ನೂ ಬದಲಿಸುವುದು ಬೇಡ.

ಇಲ್ಲಿ ಕಾಲುವೆಗೆ ನೀರು ಬಿಡುವ ಸುದ್ದಿಯಿದೆ. ಎಲ್ಲರೂ ಸಸಿಮಡಿ ಮಾಡಿಕೊಂಡು ಕಾಯುತ್ತಿದ್ದಾರೆ.

ನಿಮ್ಮ ವಿದ್ಯಾರ್ಥಿನಿ,
ಪಾರಮ್ಮ


ಕುರುಗೋಡು
5 ಜುಲೈ 1983

ಚಿ. ಪಾರಮ್ಮನಿಗೆ,

ನಿನ್ನ ಉತ್ತರ ಬಂತು. ಚಿಕ್ಕದಾಗಿದೆ, ತಪ್ಪುಗಳಿಲ್ಲ; ಆದರೆ ಕಾರಣವನ್ನು ಹೇಳುವುದಿಲ್ಲ. ನಾನು ವಿವರಿಸಿದ್ದು ಸಾಲದೆ ಹೋಯಿತೆಂದು ಭಾವಿಸಿ, ಆ ದಿನ ನಡೆದುದನ್ನು ಕ್ರಮವಾಗಿ ಬರೆಯುತ್ತೇನೆ.

ಅದು 1968ರ ಆಗಸ್ಟ್ ತಿಂಗಳು. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಗೋದಾಮು. ಸದ್ದು ಗೋಡೆಗೆ ಬಡಿದು ಮರುಕಳಿಸಬಾರದೆಂದು ಸುತ್ತಲೂ ಖಾಲಿ ಗೋಣಿಚೀಲಗಳನ್ನು ತೂಗುಬಿಟ್ಟಿದ್ದರು. ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ತೌಡಿನ ಧೂಳು ಚಿನ್ನದ ಹುಡಿಯಂತೆ ತೇಲುತ್ತಿತ್ತು. ಶಾಲೆಯ ಹಾರ್ಮೋನಿಯಮ್ಮಿಗೆ ಧಕ್ಕೆಯಾಗಬಾರದೆಂದು ಕಾವಲಿಗೆ ಹೋದವನು ನಾನು. ನುಡಿಸುವವನು ಬರಲಿಲ್ಲವಾಗಿ ನನ್ನನ್ನೇ ಕೂರಿಸಿದರು.

ನಿನ್ನ ತಾಯಿಯನ್ನು ಮೈಕಿನ ಮುಂದೆ ನಿಲ್ಲಿಸಿದರು. ಧ್ವನಿ ಹೊರಡಲಿಲ್ಲ.

“ನಿಂತಕೊಂಡು ಹಾಡಾಕ ನನಗ ಬರಂಗಿಲ್ರಿ. ಬಗ್ಗಿದ್ರ ಬರತೈತಿ” ಎಂದಳು.

“ಬಗ್ಗವ್ವ, ಯಾರು ಬ್ಯಾಡ ಅಂದ್ರು?” ಎಂದ ಓಬಳೇಶ.

“ಬರೇ ಬಗ್ಗಿದ್ರ ಸಾಲದಪ್ಪ. ಹಿಂದ ಹಿಂದಕ ಸರೀಬೇಕು. ನಿನ್ನ ಈ ಮೈಕಿನ ಕೋಲು ನನ್ನ ಸಂಗಾಟ ಬರತೈತೇನು?”

ಭತ್ತದ ಗದ್ದೆಯಲ್ಲಿ ಬಗ್ಗಿ ಸಸಿ ಹಚ್ಚುವವರು ಹಿಂದೆ ಹಿಂದೆ ಸರಿಯುತ್ತ ಹಾಡುತ್ತಾರೆಂಬುದು ಮದರಾಸಿನಿಂದ ಯಂತ್ರ ತಂದಿದ್ದ ಮಹಾಶಯರಿಗೆ ಹೇಗೆ ತಿಳಿಯಬೇಕು? ಅವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಕೊನೆಗೆ ಗಿರಣಿಯ ಹಮಾಲ ಹೊನ್ನೂರಪ್ಪನು ಮೈಕನ್ನು ಕಂಬದಿಂದ ಬಿಚ್ಚಿ ಕೈಯಲ್ಲಿ ಹಿಡಿದು, ಮೊಣಕಾಲೂರಿ ಆಕೆಯ ಮುಂದೆ ತೆವಳತೊಡಗಿದ. “ತಾಯಿ, ಸ್ವಲ್ಪ ಮೆಲ್ಲಗ ಸರೀರಿ, ನನ್ನ ಮೊಣಕಾಲು ಗಿರಣಿ ಮಾಲಕರದಲ್ಲ, ನಂದು” ಎಂದು ಅವನು ಗೊಣಗಿದ್ದಕ್ಕೆ ಎಲ್ಲರೂ ನಕ್ಕರು. ಆಕೆ ನಗುತ್ತ ನಗುತ್ತಲೇ ಹಾಡಿಗೆ ಇಳಿದಳು. ಪ್ರತಿಯೊಂದು ಸಾಲಿನ ಕೊನೆಗೆ ಧ್ವನಿ ದೂರಾಗುವುದನ್ನು ನೀನು ಕೇಳಿರುವೆ. ಅದು ಯಂತ್ರದ ಚಮತ್ಕಾರವಲ್ಲ. ಹೊನ್ನೂರಪ್ಪನು ಹಿಂದೆ ಬಿದ್ದದ್ದು.

ಅದು ನಾಟಿಯ ಕಾಲವಾದ್ದರಿಂದ ಕಾಲುವೆಯುದ್ದಕ್ಕೂ ಪಂಪುಗಳು ಏಕಕಾಲಕ್ಕೆ ಓಡುತ್ತಿದ್ದವು. ಗೋದಾಮಿನ ದೀಪ ಹೀರೆಹೂವಿನ ಬಣ್ಣಕ್ಕೆ ತಿರುಗಿತ್ತು. ಅಷ್ಟು ಸಣ್ಣ ಕರೆಂಟಿನಲ್ಲಿ ಟೇಪಿನ ಯಂತ್ರವೂ ಕಾಲೆಳೆಯುತ್ತ ನಡೆದಿರಬೇಕು. ಮದರಾಸಿನಲ್ಲಿ ಅದೇ ಟೇಪು ತುಂಬು ಕರೆಂಟಿನಲ್ಲಿ ಓಡಿತು. ನಡೆಯುತ್ತ ಬಿತ್ತಿದ್ದನ್ನು ಓಡುತ್ತ ಕೊಯ್ದಂತಾಯಿತು. ಆದುದರಿಂದಲೇ ಧ್ವನಿ ಏರಿತು.

ಪಾರಮ್ಮ, ನಿನ್ನ ತಾಯಿಯದು ದಪ್ಪ ಧ್ವನಿ. ಹೆಣ್ಣುಮಕ್ಕಳಲ್ಲಿ ಅಪರೂಪವಾದ, ಆಳವಾದ ಬಾವಿಯಿಂದ ತುಂಬಿದ ಕೊಡ ಮೇಲಕ್ಕೆ ಬರುವಂಥ ಭಾರದ ಧ್ವನಿ. ತಪ್ಪಾದುದನ್ನು ಎರಡನೆಯ ಬಾರಿ ಅಚ್ಚು ಹಾಕಿದರೆ ಅದು ಮೊದಲ ಬಾರಿಯ ತಪ್ಪಿಗಿಂತ ದೊಡ್ಡದು. ಯೋಚಿಸಿ ಬರೆ.

ತಿಪ್ಪೇರುದ್ರಪ್ಪ


ಕರೂರು
20 ಜುಲೈ 1983

ಗುರುಗಳಿಗೆ ನಮಸ್ಕಾರ.

ನೀವು ಕಾರಣ ಕೇಳಿದ್ದೀರಿ. ಬರೆಯುತ್ತೇನೆ.

ಆ ಪ್ಲೇಟು ಊರಿಗೆ ಬರುವುದಕ್ಕೆ ಮುಂಚೆಯೇ, ಅದೇ ಚಳಿಗಾಲದಲ್ಲಿ, ಅವ್ವ ಜ್ವರದಲ್ಲಿ ಹೋದಳು. ನನಗಾಗ ಆರು ವರ್ಷ. ಅಪ್ಪ ಅದಕ್ಕೂ ಮೊದಲೇ ಇರಲಿಲ್ಲ. ಅತ್ತೆ ಊರಮ್ಮ ನನ್ನನ್ನು ಸಾಕಿದಳು. ಅವ್ವನದೊಂದು ಫೋಟೊ ಕೂಡ ನಮ್ಮಲ್ಲಿಲ್ಲ. ನನಗೆ ಇದ್ದದ್ದು ಮೈಕ್‌ಸೆಟ್ಟಿನ ದುರುಗಣ್ಣನ ಹತ್ತಿರವಿದ್ದ ಆ ಪ್ಲೇಟು ಮಾತ್ರ. ಯಾರ ಮದುವೆಯಾಗಲಿ, ಮಗುವಿಗೆ ಹೆಸರಿಡುವುದಾಗಲಿ, ದುರುಗಣ್ಣ ಬೇವಿನ ಮರಕ್ಕೆ ಮೈಕಿನ ಹಾರ್ನನ್ನು ಕಟ್ಟಿ ಮೊದಲು ಅದನ್ನೇ ಹಾಕುತ್ತಿದ್ದ. ನಾನು ಎಲ್ಲಿದ್ದರೂ ಓಡಿ ಬಂದು ಮರದ ಕೆಳಗೆ ನಿಲ್ಲುತ್ತಿದ್ದೆ. “ನಿಮ್ಮವ್ವ ಮರದಾಗ ಕುಂತಾಳ ನೋಡಲೇ” ಎಂದು ಹುಡುಗರು ಕಾಡಿಸುತ್ತಿದ್ದರು. ನನಗೆ ಅದು ಕಾಡಿಸಿದಂತೆ ಅನ್ನಿಸುತ್ತಿರಲಿಲ್ಲ. ಆ ತೆಳುವಾದ, ಎಳೆಯ, ಬಳೆ ಅಲುಗಿದಂಥ ಧ್ವನಿಯೇ ನನಗೆ ಅವ್ವ. ಅದಕ್ಕೆ ನಾನು ಒಂದು ಮುಖ ಮಾಡಿಕೊಂಡಿದ್ದೇನೆ. ಹದಿನೆಂಟು ದಾಟದ ಮುಖ. ನನಗಿಂತ ಚಿಕ್ಕವಳು ಈಗ.

ಅದು ಅವಳಲ್ಲ ಎನ್ನುತ್ತೀರಿ. ಒಂದು ಪೆಟ್ಟಿಗೆಯ ಹಿತ್ತಾಳೆಯ ನಾಲಗೆಯನ್ನು ಸಾಕ್ಷಿಗೆ ಕರೆಯುತ್ತೀರಿ.

ದಪ್ಪ ಧ್ವನಿ ಎಂದು ನೀವು ಬರೆದುದನ್ನು ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ. ಅದು ಏಕೆಂದು ಕೇಳಬೇಡಿ.

ನನ್ನ ಪ್ರಬಂಧಗಳನ್ನೆಲ್ಲ ನೀವು ಕೆಂಪು ಮಸಿಯಲ್ಲಿ ತಿದ್ದಿದ್ದೀರಿ. ಅದರಿಂದಲೇ ನಾನು ಬರೆಯುವುದನ್ನು ಕಲಿತೆ. ಆದರೆ ನನ್ನ ಅವ್ವನನ್ನು ತಿದ್ದಬೇಡಿ.

ಪಾರಮ್ಮ


ಕುರುಗೋಡು
1 ಆಗಸ್ಟ್ 1983

ಚಿ. ಪಾರಮ್ಮನಿಗೆ,

ಈ ವಿಷಯವನ್ನು ನಾನು ಇನ್ನು ಎತ್ತುವುದಿಲ್ಲ.

‘ದಪ್ಪ’ ಎಂಬ ವಿಶೇಷಣ ಒರಟಾಯಿತು. ಅಗಲಿದ ತಾಯಿಯ ಬಗ್ಗೆ ಮಗಳಿಗೆ ಬರೆಯುವಾಗ ಹೆಚ್ಚು ಮೃದುವಾದ ಮಾತನ್ನು ಹುಡುಕಬೇಕಾಗಿತ್ತು. ನಿನಗಾದ ನೋವು ನನ್ನ ಗಮನಕ್ಕೆ ಬಂದಿದೆ.

ಇಲ್ಲಿ ಬೆಳಗಿನ ಹೊತ್ತು ಬೆಟ್ಟದ ಬಂಡೆಗಳ ಮೇಲೆ ಮೋಡ ಕುಳಿತು ಏಳುವುದನ್ನೇ ಮರೆಯುತ್ತದೆ. ನಾನೂ ಹಾಗೆಯೇ ಜಗಲಿಯಲ್ಲಿ ಕುಳಿತಿರುತ್ತೇನೆ. ಹಾರ್ಮೋನಿಯಮ್ಮನ್ನು ದುರಸ್ತಿಗೆಂದು ಶಾಲೆಯವರ ಅನುಮತಿ ಪಡೆದು ಮನೆಗೆ ತಂದಿದ್ದೇನೆ. ನುಡಿಸಲು ಬಾರದವನು ಒಂದೇ ಮನೆಯನ್ನು ಒತ್ತಿ ಕೂರುವುದನ್ನು ಕಂಡು ನೆರೆಯ ಶಿವಬಸಮ್ಮನವರು, “ಮಾಸ್ತರ, ಮುಂದಿನ ಪಾಠ ಯಾವಾಗರಿ?” ಎಂದು ಕೇಳುತ್ತಾರೆ.

ಆರೋಗ್ಯ ನೋಡಿಕೊ.

ತಿಪ್ಪೇರುದ್ರಪ್ಪ


ಕರೂರು
30 ಆಗಸ್ಟ್ 1983

ಪೂಜ್ಯ ಗುರುಗಳ ಪಾದಗಳಿಗೆ,

ನಿಮ್ಮ ಕಾರ್ಡಿಗೆ ನಾನು ಉತ್ತರ ಬರೆದಿರಲಿಲ್ಲ. ಬರೆಯಬಾರದೆಂದೇ ಇದ್ದೆ. ಈಗ ಎಲ್ಲವನ್ನೂ ಬರೆಯಬೇಕಾಗಿದೆ, ಎಲ್ಲಿಂದ ತೊಡಗಬೇಕೆಂದು ತಿಳಿಯದು.

ಕಳೆದ ಭಾನುವಾರ ಓಬಳೇಶ ಅವರು ನಮ್ಮೂರಿಗೆ ಬಂದಿದ್ದರು. ಬಸ್ಸಿಳಿದು, ತಲೆಯ ಮೇಲೆ ಟವೆಲ್ಲು ಹಾಕಿಕೊಂಡು, ಕೈಯಲ್ಲೊಂದು ಸೆಲ್ಲಿನ ಟೇಪ್‌ರಿಕಾರ್ಡರು ಹಿಡಿದು ನಮ್ಮ ಮನೆಯ ಬಾಗಿಲಲ್ಲಿ ನಿಂತರು. ಗಡ್ಡ ಅರ್ಧ ಬೆಳ್ಳಗಾಗಿದೆ. ನಿಮ್ಮ ಹಟವನ್ನೇ ಮತ್ತೆ ಹೇಳಿ ನನ್ನನ್ನು ಒಪ್ಪಿಸಲು ಬಂದಿದ್ದಾರೆಂದುಕೊಂಡು, “ಗುರುಗಳು ಕಳಿಸಿದ್ರೇನ್ರಿ?” ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ.

“ಕಳಿಸಾದೇನು ತಂಗಿ, ನಾ ಇಲ್ಲಿಗೆ ಬಂದೀನಿ ಅಂತ ಗೊತ್ತಾದ್ರ ಬೆಂಚಿನ ಮ್ಯಾಲ ನಿಂದ್ರಸ್ತಾರ” ಎಂದರು. “ಕಂಪನಿಯೋರು ನಿನ್ನ ಒಪ್ಪಿಗಿ ಎಲ್ಲಿ ಕೇಳ್ಯಾರ? ಅವರಿಗೆ ನೀ ಅದಿ ಅನ್ನಾದ ಗೊತ್ತಿಲ್ಲ. ಮಾಸ್ತರ ಪಟ್ಟು ಹಿಡದು ಕುಂತಾರ. ಸುಂಕಲಮ್ಮನ ಮಗಳು ಹೂಂ ಅನ್ನೋತನಕ ಯಂತ್ರಕ್ಕ ಕೈ ಹಚ್ಚಿದಿ ಅಂದ್ರ ನೀ ನನ್ನ ಶಿಷ್ಯನ ಅಲ್ಲ ಅಂದಾರ. ಈಗ ಬ್ಯಾಡ ಅಂದಾಳ, ಇದ್ದಂಗ ಬಿಡು ಅಂತ ಬರದಾರ. ಬಿಡ್ತೀನವ್ವ. ಆದ್ರ ಅಚ್ಚಿಗೆ ಹೋಗೋಕಿಂತ ಮುಂಚಿ ನಿಮ್ಮೂರ ಹೆಣ್ಣಮಕ್ಕಳು ಹಾಡಾದು ಒಂದ್ಸಲ ಕೇಳಿ ಹೋಗಬೇಕು ಅನಿಸ್ತು.”

ಗುರುಗಳೇ, ಅವರನ್ನು ಗದ್ದೆಗೆ ಕರೆದುಕೊಂಡು ಹೋದೆ.

ನಾಟಿ ಮುಗಿಯುವ ಕಾಲ. ಮಡಿಗಳಲ್ಲಿ ನೀರು ನಿಂತು ಆಕಾಶ ಕೆಳಗಿತ್ತು. ಅತ್ತೆಯೂ ಇನ್ನುಳಿದವರೂ ಮೋಡಗಳ ಮೇಲೆ ಬಗ್ಗಿ ಸಸಿ ಚುಚ್ಚುತ್ತಿದ್ದಂತೆ ಕಾಣುತ್ತಿತ್ತು. ಓಬಳೇಶರು ಬದುವಿನ ಮೇಲೆ ಕುಳಿತು, ಪ್ಲೇಟಿನಿಂದ ಇಳಿಸಿಕೊಂಡಿದ್ದ ಅವ್ವನ ಹಾಡನ್ನು ಹಾಕಿದರು.

ಹಿಂದಕ ಹಿಂದಕ ಹೆಜ್ಜಿ ಇಡ ತಂಗಿ
ಮುಂದಕ ಹಸುರ ನಿಂತೈತಿ…

ಎಲ್ಲರಿಗೂ ಖುಷಿ. ಹಾಡಿಗೆ ಸರಿಯಾಗಿ ಸಸಿ ಹಚ್ಚಲು ನೋಡಿದರು. ಎರಡು ಸಾಲು ಆಗುವುದರೊಳಗೆ ಒಬ್ಬರ ಕಾಲು ಒಬ್ಬರಿಗೆ ತೊಡರಿ, ಸಾಲು ಕೆಟ್ಟು, ಪಕ್ಕದವಳು ಕುಂಡೆಯೂರಿ ನೀರಿನಲ್ಲಿ ಕುಳಿತುಬಿಟ್ಟಳು.

“ಲೇ, ಬಂದ್ ಮಾಡಪ್ಪ ಅದನ್ನ” ಎಂದು ಅತ್ತೆ ಕೂಗಿದಳು. “ಅದಕ್ಕ ಕುಣಿ ಅಂದ್ರ ಕುಣೀಬಹುದು. ಸಸಿ ಹಚ್ಚಾಕ ಆಗಂಗಿಲ್ಲ. ಬಸ್ಸು ತಪ್ಪಿದೋರು ಹಾಡಿದಂಗ ಐತಿ.”

“ಮತ್ತ ಅವ್ವ ಹೆಂಗ ಹಚ್ಚತಿದ್ಲು ಅತ್ತಿ, ಇದ ಹಾಡಿಗೆ?”

“ಹಿಂಗ ಎಲ್ಲಿ ಹಾಡ್ತಿದ್ಲು? ಅಕೀದು ನೆಲ ಅದರೋ ಧ್ವನಿ. ನಾವು ಆಚಿ ಮಡ್ಯಾಗ ಇದ್ರೂ ಕಾಲಾಗಿನ ನೀರಿಗೆ ತಿಳೀತಿತ್ತು, ಸುಂಕಿ ಹಾಡಾಕ ಹತ್ಯಾಳ ಅಂತ.”

ನನಗೆ ಸಿಟ್ಟು ಬಂತು. “ಇಷ್ಟು ವರ್ಷ ಯಾಕ ಹೇಳ್ಲಿಲ್ಲ ಮತ್ತ?”

“ಹೇಳಾದೇನೈತಿ ಅದರಾಗ? ಪ್ಲೇಟಿನ್ಯಾಗ ಹೊಕ್ರ ಎಲ್ಲಾರ ಧ್ವನಿನೂ ಸಣ್ಣ ಆಗತೈತಿ. ಫೋಟೊದಾಗ ಆರಡಿ ಆಳು ಗೇಣುದ್ದ ಕಾಣಂಗಿಲ್ಲೇನು? ಹಂಗ ಅಂತ ತಿಳಕೊಂಡಿದ್ವಿ.”

ಮಿಕ್ಕವರೂ ಹೌದೌದೆಂದು ತಲೆಯಾಡಿಸಿದರು. ಊರಿಗೆ ಊರೇ ಹಾಗೆ ತಿಳಿದುಕೊಂಡಿತ್ತು, ಗುರುಗಳೇ. ಅವ್ವ ಒಳಗೆ ಹೋಗಿ ಚಿಕ್ಕವಳಾಗಿದ್ದಾಳೆ, ಅಷ್ಟೇ.

ಈಗ, ಕೇಳಬೇಡಿ ಎಂದು ನಿಮಗೆ ಬರೆದುದನ್ನು ಹೇಳುತ್ತೇನೆ. ಚಿಕ್ಕವಳಿದ್ದಾಗಿನಿಂದ ನನಗೊಂದು ಕನಸು ಬೀಳುತ್ತದೆ. ಕನಸಿನಲ್ಲಿ ಏನೂ ಕಾಣುವುದಿಲ್ಲ. ಹಸಿ ಮಣ್ಣಿನ ವಾಸನೆ, ಬೆನ್ನ ಮೇಲೊಂದು ಕೈ, ಮತ್ತು ಒಂದು ಧ್ವನಿ. ಗಂಡಸಿನ ಧ್ವನಿಯಷ್ಟು ಕೆಳಗಿನದು. ಮಾತಿಲ್ಲ, ಗುನುಗು ಮಾತ್ರ. ಅದು ಕಿವಿಗೆ ಕೇಳುವುದಿಲ್ಲ, ಎದೆಯ ಗೂಡಿಗೆ ಕೇಳುತ್ತದೆ. ಎದ್ದು ಅಳುತ್ತಿದ್ದೆನಂತೆ. ಯಾವುದೋ ಗಾಳಿ ಸೋಕಿದೆಯೆಂದು ಅತ್ತೆ ಹಚ್ಚೊಳ್ಳಿಯ ಮಂತ್ರವಾದಿಯೊಬ್ಬರಿಂದ ತಾಯತ ಕಟ್ಟಿಸಿದಳು. ಸುಂಕಲಮ್ಮ ದೇವಿಗೆ ಹರಕೆ ಹೊತ್ತಳು. ಆ ಧ್ವನಿ ನಿಲ್ಲಲಿಲ್ಲ. ನಾನು ಹೇಳುವುದನ್ನು ನಿಲ್ಲಿಸಿದೆ. ನೋಡಲು ಬಂದ ವರನ ಕಡೆಯವರಿಗೆ ಈ ಸುದ್ದಿ ಹೇಗೋ ತಿಳಿದು ಸಂಬಂಧ ಮುರಿದದ್ದೂ ಆಯಿತು. ಮರದ ಮೇಲಿನ ತೆಳುವಾದ ಧ್ವನಿ ಅವ್ವ. ಕನಸಿನ ದಪ್ಪ ಧ್ವನಿ ಅವ್ವನನ್ನು ಕೊಂಡೊಯ್ದದ್ದು. ಹೀಗೆಂದು ನಾನು ಒಳಗೊಳಗೇ ಪಾಲು ಹಾಕಿಕೊಂಡಿದ್ದೆ. ನಿಮ್ಮ ಪತ್ರದಲ್ಲಿ ‘ದಪ್ಪ ಧ್ವನಿ’ ಎಂಬ ಮಾತು ಕಂಡಾಗ ನಾನು ಹೆದರಿದೆ. ಅದು ಒರಟಾದ ಮಾತಾಗಿರಲಿಲ್ಲ. ಬೇರೆ ಮಾತನ್ನು ನೀವು ಹುಡುಕಬೇಕಾಗಿರಲಿಲ್ಲ.

ಓಬಳೇಶರನ್ನು ಕೇಳಿದೆ, “ನಿಧಾನ ಮಾಡಿದ್ದು ನಿಮ್ಮ ಕಡೆ ಐತೇನ್ರಿ?”

ಅವರು ಮೊದಲು ಇಲ್ಲವೆಂದರು. ಆಮೇಲೆ ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡು, “ಮಾಸ್ತರಿಗೆ ಹೇಳಬ್ಯಾಡ” ಎಂದು ಇನ್ನೊಂದು ಕ್ಯಾಸೆಟ್ಟನ್ನು ಹೊರತೆಗೆದರು. ಹೇಳುತ್ತಿದ್ದೇನೆ, ಅವರನ್ನು ಬೆಂಚಿನ ಮೇಲೆ ನಿಲ್ಲಿಸಬೇಡಿ.

ನಾನು ಸೀರೆ ಎತ್ತಿ ಕಟ್ಟಿ ಮಡಿಗೆ ಇಳಿದು ಅತ್ತೆಯ ಪಕ್ಕದಲ್ಲಿ ಬಗ್ಗಿದೆ. ಎಡಗೈಯಲ್ಲಿ ಸಸಿಯ ಕಟ್ಟು. ಹಾಡಿಗೆ ಮುಂಚೆ, ಉಸಿರು ತೆಗೆದುಕೊಳ್ಳುವಾಗ, ಅವ್ವ ಒಂದು ಸಲ ಗುನುಗಿದ್ದಾಳೆ. ಪ್ಲೇಟಿನಲ್ಲಿ ಅದು ಕೆಮ್ಮಿದಂತೆ ಕೇಳುತ್ತಿತ್ತು. ಬದುವಿನ ಮೇಲಿನಿಂದ ಅದು ಬಂತು, ಗುರುಗಳೇ. ನೀರಿನ ಮೇಲೆ ಹರಿದು ಬಂತು. ನನಗೆ ಪದಗಳು ಬೇಕಾಗಲಿಲ್ಲ. ನನ್ನ ಬೆನ್ನಿಗೆ ಗೊತ್ತಾಯಿತು. ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಬಗ್ಗಿ ಸಸಿ ಹಚ್ಚುತ್ತಿದ್ದಳಂತೆ ಅವಳು. ಅತ್ತೆ ಆಗ ಹೇಳಿದಳು. ಅವಳ ಬೆನ್ನು ಹಾಡಿದ್ದನ್ನು ನನ್ನ ಎದೆ ಕೇಳಿಸಿಕೊಂಡಿತ್ತು. ಅಷ್ಟು ವರ್ಷ ನಾನು ತಾಯತ ಕಟ್ಟಿಕೊಂಡು ಹೆದರಿ ಓಡಿದ್ದು ಅವಳಿಂದ.

ಹೆಜ್ಜೆಗಳು ತಾವಾಗಿಯೇ ಕೂಡಿದವು. ನಾವು ಹಿಂದೆ ಹಿಂದೆ ಸರಿಯುತ್ತ ಹೋದೆವು. ನಮ್ಮ ಮುಂದೆ ನೀರು ಹಸುರಾಗುತ್ತ ಹೋಯಿತು.

ಸರಿಪಡಿಸಿ ಎಂದು ಬರೆಯಿರಿ. ಇದು ನನ್ನ ಒಪ್ಪಿಗೆ.

ಪಾರಮ್ಮ


ಕುರುಗೋಡು
11 ಸೆಪ್ಟೆಂಬರ್ 1983

ಚಿ. ಪಾರಮ್ಮನಿಗೆ,

ನಿನ್ನ ಪತ್ರವನ್ನು ಓದಿ ಮಡಿಸಿ ಇಟ್ಟು, ಸ್ನಾನ ಮಾಡಿ ಬಂದು ಮತ್ತೆ ಓದಿದೆ. ಎಲ್ಲಿಯೂ ಕೆಂಪು ಮಸಿಗೆ ಕೆಲಸವಿಲ್ಲ.

ಕಂಪನಿಯವರು ಒಪ್ಪಿಗೆ ಕೇಳಿದ್ದಾರೆಂದು ನಾನು ಬರೆದ ವಾಕ್ಯವು ಸತ್ಯವಲ್ಲ. ಆದರೆ ಅವರು ಕೇಳಬೇಕಾಗಿತ್ತು. ಆದ್ದರಿಂದ ಅದನ್ನು ಹಿಂದೆಗೆದುಕೊಳ್ಳುವುದಿಲ್ಲ.

ಒಪ್ಪಿಗೆಯನ್ನು ಓಬಳೇಶನಿಗೆ ಇನ್ನೂ ಕಳಿಸಿಲ್ಲ. ಒಂದು ಮಾತು ಹೇಳಬೇಕಿದೆ. ಹೊಸ ಮುದ್ರಿಕೆ ಬಂದ ಮೇಲೆ ಹಳೆಯದು ನಿಧಾನವಾಗಿ ಸವೆದು ಇಲ್ಲವಾಗುತ್ತದೆ. ಮರದ ಮೇಲೆ ಕುಳಿತಿದ್ದ ಆ ಎಳೆಯ ಹುಡುಗಿಯೂ ಅದರೊಡನೆ ಹೋಗುತ್ತಾಳೆ. ಅವಳು ಯಂತ್ರದ ತಪ್ಪಿನಿಂದ ಹುಟ್ಟಿದವಳೆಂಬುದು ನಿಜ. ಆದರೆ ಹದಿನೈದು ವರ್ಷ ನಿನ್ನನ್ನು ಸಾಕಿದವರಲ್ಲಿ ಅವಳೂ ಒಬ್ಬಳು. ಮೂವತ್ತಾರು ವರ್ಷ ಸರಿ ತಪ್ಪುಗಳನ್ನು ಗೆರೆ ಎಳೆದು ಬೇರೆ ಮಾಡಿದವನು ನಾನು. ಈ ಒಂದರಲ್ಲಿ ಗೆರೆ ಎಳೆಯಲು ನನ್ನ ಕೈ ಬರುತ್ತಿಲ್ಲ. ಜನಕ್ಕೆ ಹಳೆಯದೇ ಇರಲಿ, ನಿಧಾನದ್ದು ನಿನ್ನ ಮನೆಯಲ್ಲಿರಲಿ ಎಂದರೂ ಓಬಳೇಶನು ಹಾಗೆಯೇ ಮಾಡಿಕೊಡುತ್ತಾನೆ.

ಅವಳನ್ನು ಕಳಿಸಿಕೊಡಲು ನೀನು ಸಿದ್ಧಳಿರುವೆಯಾ? ಅವಸರವಿಲ್ಲ.

ತಿಪ್ಪೇರುದ್ರಪ್ಪ


ಕರೂರು
16 ಸೆಪ್ಟೆಂಬರ್ 1983

ಗುರುಗಳಿಗೆ,

ಕಳಿಸಿಬಿಡಿ. ಅವ್ವ ಹಾಡಿದ್ದು ಸಸಿ ಹಚ್ಚುವುದಕ್ಕೆ. ಹಚ್ಚಲು ಬಾರದ ಹಾಡಿನಲ್ಲಿ ಅವಳನ್ನು ಇನ್ನೆಷ್ಟು ದಿನ ನಿಲ್ಲಿಸಿರಲಿ?

ಪಾರಮ್ಮ


ಕರೂರು
19 ಫೆಬ್ರವರಿ 1984

ಪೂಜ್ಯ ಗುರುಗಳಿಗೆ,

ಹೊಸ ‘ಎರೆನೆಲ’ ಸಂಕ್ರಾಂತಿಯ ಹೊತ್ತಿಗೆ ಬಂತು. ಹೊದಿಕೆಯ ಮೇಲೆ ಅವ್ವನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ. ಹಾರ್ಮೋನಿಯಂ ಎಂಬುದರ ಮುಂದೆ ನಿಮ್ಮ ಹೆಸರಿದೆ. ಅಕ್ಷರ ತಪ್ಪಿಲ್ಲದೆ ಇರುವುದನ್ನು ಮೊದಲು ನೋಡಿದೆ.

ನಿಮಗೆ ತಿಳಿಸಲೇಬೇಕಾದ ಒಂದು ಮಾತಿದೆ. ಅಂದು ಗದ್ದೆಯಲ್ಲಿ ಕೇಳಿದ ಮೇಲೆ ನನಗೆ ಆ ಕನಸು ಬಿದ್ದಿಲ್ಲ. ಮೊದಮೊದಲು ಕಾದೆ. ಮಲಗುವಾಗ ಹಸಿ ಮಣ್ಣನ್ನು ನೆನೆಸಿಕೊಂಡು ನೋಡಿದೆ. ಬರಲಿಲ್ಲ. ಬೆನ್ನ ಮೇಲಿನ ಆ ಕೈಯೂ ಇಲ್ಲ. ಎರಡು ಧ್ವನಿಗಳಿದ್ದವು, ಈಗ ಒಂದಿದೆ, ಅದು ಎಲ್ಲರದಾಗಿದೆ. ದುಃಖವೇ ಎಂದರೆ ಅಲ್ಲ. ಅಲ್ಲವೇ ಎಂದರೆ ಹೌದು. ನೀವು ನನಗೆ ಮುಂಚೆಯೇ ಕೇಳಿದಿರಿ, ನಾನೇ ಒಪ್ಪಿ ಬರೆದೆ. ಅದಕ್ಕೆ ಪಶ್ಚಾತ್ತಾಪವಿಲ್ಲ.

ನಿನ್ನೆ ಊರಿನಲ್ಲಿ ಎರ್ರೆಪ್ಪನವರ ಮಗಳ ಮದುವೆ. ದುರುಗಣ್ಣನ ಹಳೆಯ ಪ್ಲೇಟು ಸವೆದು ಸೂಜಿ ಜಾರುತ್ತಿದ್ದುದರಿಂದ ನಾನು ಹೊಸದನ್ನು ಕೊಟ್ಟಿದ್ದೆ. ಅವನು ಹಾಕಿದ. ಹಾರ್ನಿನಿಂದ ಅವ್ವನ ಧ್ವನಿ ಇಳಿದದ್ದೇ ತಡ, ಚಪ್ಪರದ ತುಂಬ ಗದ್ದಲ.

“ದುರುಗಣ್ಣ, ಕರೆಂಟು ಡಿಮ್ಮಾಗೈತಿ ನೋಡಲೇ!”

“ಸುಂಕಲಮ್ಮಗ ನೆಗಡಿ ಆಗೈತೇನು?”

“ಇದು ಅಕೀ ಗಂಡ ಹಾಡಿದ್ದಿರಬೇಕು ಬಿಡ್ರಿ!”

ಪಾಪ, ದುರುಗಣ್ಣನಿಗೆ ಅವಮಾನವಾಯಿತು. ತನ್ನ ಸೆಟ್ಟಿನ ಮೇಲೆ ಮಾತು ಬಂತಲ್ಲ. ಅವನು ತಿರುಗುವ ಪ್ಲೇಟಿನ ನಡುವಿನ ಕಾಗದದ ಮೇಲೆ ತೋರುಬೆರಳಿಟ್ಟು, ಮೆಲ್ಲಗೆ ಮುಂದಕ್ಕೆ ತಳ್ಳುತ್ತ, ಹಾಡನ್ನು ಹಳೆಯ ಓಟಕ್ಕೆ ತಂದ. ಒಮ್ಮೆಗೇ ಅವಳು ಬಂದುಬಿಟ್ಟಳು, ಗುರುಗಳೇ. ಬಳೆ ಅಲುಗಿದಂತೆ, ಮರದ ಮೇಲೆ. ಜನ “ಹಾಂ, ಈಗ ಸರಿ ಆತು ನೋಡು” ಎಂದು ಚಪ್ಪಾಳೆ ತಟ್ಟಿದರು. ನನ್ನ ಕಾಲು ತಾನಾಗಿಯೇ ಬೇವಿನ ಮರದ ಕಡೆಗೆ ಹೊರಟಿತು. ಅದರ ಕೆಳಗೆ ನಿಂತೆ. ಮೇಲೆ ನೋಡಿದೆ. ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದಾಗಿತ್ತು. ದುರುಗಣ್ಣನ ಬೆರಳು ದಣಿಯುವಂತೆ ಕಾಣಲಿಲ್ಲ.

ಹಾಡಿನ ಒಂದು ನುಡಿ ಮುಗಿಯುವವರೆಗೆ ನಿಂತೆ. ಅನಂತರ ಅವನ ಬಳಿಗೆ ಹೋಗಿ, ಆ ಬೆರಳನ್ನು ಹಿಡಿದು ಮೇಲಕ್ಕೆತ್ತಿದೆ.

“ಯಾಕವ್ವ ಪಾರಿ?” ಎಂದ.

“ಅಕೀನ್ನ ದಬ್ಬಬ್ಯಾಡಣ್ಣ. ತಾನ ನಡೀಲಿ.”

ಧ್ವನಿ ಒಂದು ಮೆಟ್ಟಿಲು ಇಳಿಯಿತು, ಇನ್ನೊಂದು ಇಳಿಯಿತು, ನೆಲ ಮುಟ್ಟಿತು. ಗದ್ದಲ ಮತ್ತೆ ಎದ್ದಿತು. ಆದರೆ ಆಗ ಅಡಿಗೆಯ ಕಡೆ ಅಕ್ಕಿ ಆರಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಒಬ್ಬಳ ಹೆಗಲು ತೂಗಿತು, ಪಕ್ಕದವಳದೂ ತೂಗಿತು. ಯಾರೋ ತಗ್ಗಿನ ಧ್ವನಿಯಲ್ಲಿ ಅವ್ವನ ಸಾಲಿಗೆ ಸಾಲು ಕೂಡಿಸಿದರು.

ಪಾರಮ್ಮ